ಊಟದ ಮೇಜಿಗಾಗಿ ಚೆಂಡಾಟ

ಮರೋಳದಂಥ ನಮ್ಮ ಊರುಗಳಲ್ಲಿ ತರುಣರ ಸಂಘ ಕಬಡ್ಡಿ ಪಂದ್ಯ ಏರ್ಪಡಿಸಿತೆಂದರೆ ಚಂದಾ ಪುಸ್ತಕ ಮನೆಮನೆಗೆ ಬರುತ್ತದೆ. ಆಟಕ್ಕಾಗಿ ಹಣ ಕೂಡಿಸುವುದು ನಮಗೆ ಹೊಸತಲ್ಲ. ಅನ್ನಕ್ಕಾಗಿಯೇ ಆಟ ಕಟ್ಟಿದ ಪ್ರಸಂಗವೊಂದನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ್ದು. 1888–89ರ ಫುಟ್‌ಬಾಲ್ ಋತುವಿನದು.

1876–78ರ ಬರ ಆಗಿನ ಕಲಾದಗಿ ಜಿಲ್ಲೆಯ ಈ ಸೀಮೆಯನ್ನು ಬರಿದು ಮಾಡಿದ್ದನ್ನು ಬಲ್ಲವರಿಗೆ ಐರ್ಲೆಂಡಿನ ಮಹಾಕ್ಷಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1845ರಿಂದ ಅಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಗುಳೆ ಹೋದರು. ಗ್ಲಾಸ್ಗೋದ ಪೂರ್ವ ಭಾಗದ ಇಕ್ಕಟ್ಟಿನ ಕೇರಿಗಳಲ್ಲಿ ನೆಲೆಸಿದ ಐರಿಷ್ ಕಥೋಲಿಕ ಕುಟುಂಬಗಳ ಮಕ್ಕಳು ಬರಿಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದರು. ಅಲ್ಲಿಯ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರು ಮಾರಿಸ್ಟ್ ಸಭೆಯ ಸಹೋದರ ವಾಲ್‌ಫ್ರಿಡ್. 1840ರಲ್ಲಿ ಐರ್ಲೆಂಡಿನ ಸ್ಲೈಗೊ ಪ್ರಾಂತ್ಯದಲ್ಲಿ ಹುಟ್ಟಿದ ಅವರ ಬಾಲ್ಯ ಕಳೆದುದೇ ಕ್ಷಾಮದ ದಿನಗಳಲ್ಲಿ. ಅವರು ಮಕ್ಕಳಿಗೆ ಒಂದು ಪೆನ್ನಿಯ ಊಟ ಏರ್ಪಡಿಸಿದರು. ಕೊಡುವ ಕಾಸು ಅಲ್ಪವಾದರೂ ಉಣ್ಣುವ ಮಗು ತಾನು ಭಿಕ್ಷೆ ಬೇಡಿದೆನೆಂದುಕೊಳ್ಳಬಾರದಷ್ಟೆ. ಅನ್ಯ ಪಂಗಡದವರ ಗಂಜಿ ಕೇಂದ್ರಗಳಿಗೆ ಹೋದ ಮಕ್ಕಳು ವಿಶ್ವಾಸವನ್ನೂ ಬಿಟ್ಟಾರೆಂಬ ಅಳುಕು ಇದರ ಹಿಂದೆ ಇದ್ದುದು ಸುಳ್ಳಲ್ಲ. ಅದನ್ನು ಮರೆಮಾಚುವ ಅಗತ್ಯ ನಮಗೆ ಕಾಣದು.

ಊಟಕ್ಕೆ ಹಣ ಬೇಕಲ್ಲ! 1887ರ ಫೆಬ್ರವರಿಯಲ್ಲಿ ಎಡಿನ್‌ಬರೋದ ಐರಿಷರ ತಂಡವಾದ ಹಿಬರ್ನಿಯನ್ ಸ್ಕಾಟಿಷ್ ಕಪ್ ಗೆದ್ದಿತ್ತು. ಕ್ಯಾನನ್ ಹ್ಯಾನನ್ ಎಂಬ ಗುರುಗಳ ನೇತೃತ್ವದಲ್ಲಿ 1875ರಲ್ಲಿ ಹುಟ್ಟಿದ ತಂಡವದು. ಅದನ್ನು ಕಂಡು 1887ರ ನವೆಂಬರ್ 6ರಂದು ಗ್ಲಾಸ್ಗೋದ ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸೆಲ್ಟಿಕ್ ತಂಡವನ್ನು ಸ್ಥಾಪಿಸಲಾಯಿತು. ಆಟದ ಆದಾಯ ಮೂರು ಧರ್ಮಕೇಂದ್ರಗಳ ಮಕ್ಕಳ ಊಟದ ಮೇಜಿಗೆ ಸಲ್ಲಬೇಕೆಂಬುದು ಘೋಷಿತ ಉದ್ದೇಶ. 1888ರ ಮೇ 28ರಂದು ಮೊದಲ ಪಂದ್ಯ. ರೇಂಜರ್ಸ್ ವಿರುದ್ಧ 5–2ರ ಜಯ.

ಮುಂದಿನ ಋತುವಿನಲ್ಲಿಯೇ ತಂಡ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯ ಮುಟ್ಟಿತು. ದಾರಿ ಮಾತ್ರ ಅಷ್ಟು ನೇರವಾಗಿರಲಿಲ್ಲ. ಕ್ಲೈಡ್ ತಂಡದೆದುರು 1–0ರಿಂದ ಸೋತು, ದೂರು ಕೊಟ್ಟು, ಮರುಪಂದ್ಯ ಪಡೆದು 9–2ರಿಂದ ಗೆದ್ದರು. 1889ರ ಫೆಬ್ರವರಿ 2, ಕರ್ತರ ಸಮರ್ಪಣೆಯ ಹಬ್ಬದ ದಿನ. ಮೈದಾನದ ತುಂಬ ಹಿಮ. ಥರ್ಡ್ ಲೆನಾರ್ಕ್ ತಂಡ 3–0ರಿಂದ ಗೆದ್ದರೂ ಆ ಆಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ವಾರದ ಬಳಿಕ ನಡೆದ ಮರುಪಂದ್ಯದಲ್ಲಿಯೂ ಅದೇ ತಂಡ 2–1ರಿಂದ ಗೆದ್ದು ಕಪ್ ಒಯ್ದಿತು.

ನಮ್ಮನ್ನು ಕಾಡುವುದು ಆ ಸೋಲಲ್ಲ. ಸೆಲ್ಟಿಕ್ ಅಷ್ಟು ಬೇಗ ಬಲಿಷ್ಠವಾದುದು ಹೇಗೆ? ತನಗೆ ಮೇಲ್ಪಂಕ್ತಿಯಾಗಿದ್ದ ಹಿಬರ್ನಿಯನ್ನಿನ ಉತ್ತಮ ಆಟಗಾರರನ್ನು ಸೆಳೆದುಕೊಂಡಿತು. ಸ್ಕಾಟ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡಲು ಅನುಮತಿ ದೊರೆತುದು 1893ರಲ್ಲಿ. ಅದಕ್ಕೆ ಮುನ್ನವೇ ಹಣ ಗುಟ್ಟಾಗಿ ಕೈಬದಲಾಗುತ್ತಿತ್ತೆಂಬ ಆಪಾದನೆಯಿದೆ. 1891ರ ಹೊತ್ತಿಗೆ ಹಿಬರ್ನಿಯನ್ ಆಟವನ್ನೇ ನಿಲ್ಲಿಸಬೇಕಾಯಿತು; ಮತ್ತೆ ತಲೆ ಎತ್ತಲು ಒಂದೆರಡು ವರ್ಷ ಹಿಡಿಯಿತು. ಆ ತಂಡವೂ ಬಡವರಿಗಾಗಿ ಆಡುತ್ತಿದ್ದುದೇ. ಒಂದು ಕೇರಿಯ ಮಕ್ಕಳ ತಟ್ಟೆ ತುಂಬಲು ಇನ್ನೊಂದು ಕೇರಿಯ ಒಲೆ ಆರಿಸಬಹುದೆ?

ಸಾಧನವೇ ಸಾಧ್ಯದ ಗದ್ದುಗೆಯೇರುವ ಅಪಾಯವನ್ನು ಗುರುಮಠದಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರದೊಡನೆ ಓದಿದ್ದೆವು. ಗ್ಲಾಸ್ಗೋದಲ್ಲಿ ಅದು ಲೆಕ್ಕದ ಪುಸ್ತಕದಲ್ಲಿಯೇ ಕಾಣಿಸಿತು. ಮೊದಲ ವರ್ಷ ಊಟದ ಮೇಜಿಗೆ ಹಣ ಸಂದಿತು. ಬರಬರುತ್ತ ಮೈದಾನ, ಆಸನ, ಸಂಬಳಗಳ ಖರ್ಚು ಬೆಳೆಯಿತು, ದಾನ ಸೊರಗಿತು. 1897ರಲ್ಲಿ ಸಂಘ ಷೇರುದಾರರ ಕಂಪನಿಯಾಯಿತು. ಕೂಡಲಸಂಗಮದ ಸೀಮೆಯವರಾದ ನಮಗೆ ದಾಸೋಹವೆಂಬ ಮಾತು ಹೊಸದಲ್ಲ. 2002ರಲ್ಲಿ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದಾಗ ಅದಕ್ಕಿಟ್ಟ ಹೆಸರು ಅಕ್ಷರ ದಾಸೋಹ. ಬಡಿಸುವ ಕೈ ಲಾಭದ ಲೆಕ್ಕ ಹಿಡಿದರೆ ಅದು ದಾಸೋಹವಾಗದೆಂಬುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಂಪನಿಯಾದಾಗ ಸಹೋದರ ವಾಲ್‌ಫ್ರಿಡ್ ಗ್ಲಾಸ್ಗೋದಲ್ಲಿರಲಿಲ್ಲ. 1892ರಲ್ಲಿಯೇ ಸಭೆಯ ಹಿರಿಯರು ಅವರನ್ನು ಲಂಡನ್ನಿಗೆ ವರ್ಗ ಮಾಡಿದ್ದರು. ಅಲ್ಲಿಯೂ ನಗರದ ಪೂರ್ವ ಭಾಗದ ಬಡಕೇರಿಗಳಲ್ಲಿ ಬರಿಗಾಲಿನ ಮಕ್ಕಳನ್ನು ಕೂಡಿಸಿಕೊಂಡು ಅವರು ಮತ್ತೆ ಚೆಂಡಾಟ ಆರಂಭಿಸಿದರು.