ಅಳೆಯುವ ಮುನ್ನ

ಗೋಕಾಕ ಸೀಮೆಯ ಮೇಲವಂಕಿಯ ಸುತ್ತಲೆಲ್ಲ ಕಬ್ಬಿನ ಬೆಳೆ. ಅದನ್ನು ತೂಗುವ ಕಾಟಾ ತಪ್ಪಿದರೆ ರೈತನ ವರ್ಷದ ದುಡಿಮೆಗೇ ಪೆಟ್ಟು. ಆದುದರಿಂದಲೇ ಕಾಟಾವನ್ನು ಪರೀಕ್ಷಿಸಿ ಮುದ್ರೆಯೊತ್ತಬೇಕೆಂದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು ವಿಧಿಸಿದೆ. ಪ್ರಯೋಗಶಾಲೆಯ ಉಪಕರಣಗಳಿಗೂ ಇದೇ ನ್ಯಾಯವು ಸಲ್ಲಬೇಕೆಂಬುದು ನಮ್ಮ ಮತ.

ಆಂಟೆನಾಗಳನ್ನು ಪರೀಕ್ಷಿಸುವ ನೆಟ್‌ವರ್ಕ್ ಅನಲೈಸರನ್ನೇ ನೋಡೋಣ. ಅದು ವಿದ್ಯುತ್ ತರಂಗವನ್ನು ಕಳುಹಿಸಿ, ಎಷ್ಟು ಪಾಲು ಮರಳಿತೆಂಬುದನ್ನು ಅಳೆಯುತ್ತದೆ. ಆದರೆ ತರಂಗವು ಆಂಟೆನಾದಿಂದ ಮಾತ್ರವಲ್ಲ, ಕೇಬಲ್ಲಿನ ಕೀಲುಗಳಿಂದಲೂ ಮರಳುತ್ತದೆ. ಹಾದಿಯಲ್ಲಿ ಕ್ಷೀಣಿಸುತ್ತದೆ ಕೂಡ. ಇದಕ್ಕೆ ಪರಿಹಾರವೇನು? ಆಂಟೆನಾಕ್ಕೆ ಬದಲಾಗಿ ಕೇಬಲ್ಲಿನ ತುದಿಗೆ ಗುಣವು ಮೊದಲೇ ತಿಳಿದಿರುವ ಮೂರು ವಸ್ತುಗಳನ್ನು ಒಂದೊಂದಾಗಿ ಜೋಡಿಸುವುದು. ತೆರೆದ ಮಂಡಲವು ತರಂಗವನ್ನು ಬಹುಮಟ್ಟಿಗೆ ಹಾಗೆಯೇ ಮರಳಿಸುತ್ತದೆ. ಹ್ರಸ್ವಮಂಡಲವು ತಲೆಕೆಳಗಾಗಿಸಿ ಮರಳಿಸುತ್ತದೆ. 50 ಓಮ್ ರೋಧವು ನುಂಗಿಬಿಡುತ್ತದೆ. ಮೂರು ಸಮೀಕರಣಗಳು, ಮೂರು ಅಜ್ಞಾತ ದೋಷಗಳು! ಅವನ್ನು ಬಿಡಿಸಿ ಲೆಕ್ಕದಿಂದ ತೆಗೆದರೆ ಉಳಿಯುವುದು ಆಂಟೆನಾದ ಗುಣ. ಕೇಬಲ್ಲನ್ನು ಬದಲಿಸಿದರೆ ಈ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಸ್ಕ್ರೂಗೇಜಿನ ಶೂನ್ಯದೋಷವನ್ನು ನೋಡದೆಯೇ 'ಸೊನ್ನೆ' ಎಂದು ಬರೆದುಬಿಡುತ್ತಾರೆ. ನೋಡದೆ ಬರೆದ ಆ ಸೊನ್ನೆಯು ಪರೀಕ್ಷಿಸದ ಕಾಟಾದ ತೂಕದಂತೆಯೇ. ಅದನ್ನು ನಂಬಿ ಮುಂದಿನ ಲೆಕ್ಕವನ್ನು ಎಷ್ಟು ಜಾಣತನದಿಂದ ಮಾಡಿದರೂ ಫಲವಿಲ್ಲ. ಉಪಕರಣದ ತಪ್ಪನ್ನು ಮೊದಲು ಅಳೆದು ಬರೆಯಿರಿ. ವಸ್ತುವಿನ ಅಳತೆ ಆಮೇಲೆ.