ಹಳೆಯ ಉಡುಪನ್ನು ಅಳೆದಿಡೋಣ

ಉದ್ಯಾವರವು ಒಂದು ಕಾಲದಲ್ಲಿ ಆಳುಪ ಅರಸರ ರಾಜಧಾನಿಯಾಗಿತ್ತೆಂಬುದನ್ನು ನಮ್ಮ ಭಾಗದ ವಿದ್ಯಾರ್ಥಿಗಳು ಓದಿರುತ್ತಾರೆ. ಅಲ್ಲಿ ದೊರೆತ ಶಿಲಾಶಾಸನಗಳನ್ನು ವಿದ್ವಾಂಸರು ಅಕ್ಷರ ಅಕ್ಷರವಾಗಿ ಓದಿ, ಆ ಅರಸರ ಹೆಸರುಗಳನ್ನೂ ಕಾಳಗಗಳನ್ನೂ ನಮಗೆ ತಿಳಿಸಿಕೊಟ್ಟಿದ್ದಾರೆ. ಆದರೆ ಆ ಕಲ್ಲುಗಳನ್ನು ಕಡೆದವನು ಉಟ್ಟಿದ್ದ ಬಟ್ಟೆಯ ಗತಿಯೇನಾಯಿತು? ಕಲ್ಲು ಉಳಿಯಿತು, ಬಟ್ಟೆ ಅಳಿಯಿತು. ಇದು ಕೇವಲ ಅದೃಷ್ಟದ ಮಾತಲ್ಲ. ಇದಕ್ಕೆ ರಸಾಯನಶಾಸ್ತ್ರದ ಕಾರಣಗಳುಂಟು.

ಹತ್ತಿ ಮತ್ತು ನಾರಗಸೆಯ ನೂಲು ಸೆಲ್ಯುಲೋಸಿನಿಂದಾದುದು. ಉಣ್ಣೆ ಮತ್ತು ರೇಷ್ಮೆ ಪ್ರೋಟೀನಿನಿಂದಾದುವು. ಆಮ್ಲವು ಮೊದಲನೆಯದನ್ನು ಬೇಗನೆ ಕೆಡಿಸುತ್ತದೆ, ಕ್ಷಾರವು ಎರಡನೆಯದನ್ನು. ಡೆನ್ಮಾರ್ಕಿನ ಎಗ್ಟ್ವೆಡ್ ಎಂಬಲ್ಲಿ 1921ರಲ್ಲಿ ದೊರೆತ ಓಕ್ ಮರದ ಶವಪೆಟ್ಟಿಗೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ತರುಣಿಯೊಬ್ಬಳ ಉಣ್ಣೆಯ ಉಡುಪು ಉಳಿದಿತ್ತು. ಮೊಹೆಂಜೊದಾರೊದಲ್ಲಿ ಹತ್ತಿಬಟ್ಟೆಯ ಚೂರೊಂದು ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿದ್ದುದರಿಂದ ಬದುಕಿತು. ಲೋಹದ ಲವಣಗಳು ಸೂಕ್ಷ್ಮಜೀವಿಗಳನ್ನು ದೂರವಿಟ್ಟವು. ನಮ್ಮ ಕರಾವಳಿಯ ಮುರಕಲ್ಲಿನ ಆಮ್ಲೀಯ ಮಣ್ಣಿನಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ, ಹತ್ತಿಬಟ್ಟೆಗೆ ಅಂತಹ ರಕ್ಷಣೆಯೆಲ್ಲಿಯದು? ಆದುದರಿಂದ ನಾವು ನೆಲವನ್ನು ಅಗೆದು ಬಟ್ಟೆಯ ಚರಿತ್ರೆಯನ್ನು ಕಾಣುವ ಆಸೆ ಸಣ್ಣದು. ಮನೆಯ ಪೆಟ್ಟಿಗೆಗಳಲ್ಲಿ ಉಳಿದುದೇ ನಮಗೆ ಆಧಾರ.

ಉಳಿದ ಉಡುಪಿನಿಂದ ಎಷ್ಟು ತಿಳಿಯಬಹುದೆಂಬುದಕ್ಕೆ ಯುರೋಪಿನ ವಿದ್ವಾಂಸರ ಕೆಲಸವು ಒಳ್ಳೆಯ ನಿದರ್ಶನ. 1921ರಲ್ಲಿಯೇ ಪೌಲ್ ನೊರ್ಲುಂಡ್ ಎಂಬ ಡೇನಿಷ್ ವಿದ್ವಾಂಸರು ಗ್ರೀನ್ಲೆಂಡಿನ ಹೆರ್ಯೋಲ್ಫ್ಸ್‌ನೆಸ್ ಎಂಬಲ್ಲಿ ಹಳೆಯ ಇಗರ್ಜಿಯ ಸ್ಮಶಾನವನ್ನು ಅಗೆಸಿದರು. ಹೆಪ್ಪುಗಟ್ಟಿದ ನೆಲದಲ್ಲಿ ಮಧ್ಯಯುಗದ ಸಾಮಾನ್ಯ ಜನರ ಉಣ್ಣೆಯ ನಿಲುವಂಗಿಗಳು ದೊರೆತವು. ಅವುಗಳ ಮಗ್ಗುಲಲ್ಲಿಯೂ ನಡುವೆಯೂ ತ್ರಿಕೋನಾಕಾರದ ತುಂಡುಗಳನ್ನು ಸೇರಿಸಿ ಕೆಳಗಡೆ ಅಗಲವನ್ನು ತಂದಿದ್ದರು. ಚಿತ್ರಗಾರನು ಉಡುಪಿನ ಹೊರರೂಪವನ್ನು ಬರೆಯುತ್ತಾನೆ; ಹೊಲಿಗೆಯ ಒಳಗುಟ್ಟು ಅವನ ಚಿತ್ರದಲ್ಲಿ ಕಾಣದು. 1580ರಲ್ಲಿ ಹುವಾನ್ ದೆ ಅಲ್ಸೇಗಾ ಎಂಬ ದರ್ಜಿ ಸ್ಪೇನಿನಲ್ಲಿ ಬಟ್ಟೆ ಕತ್ತರಿಸುವ ನಕ್ಷೆಗಳ ಪುಸ್ತಕವನ್ನು ಅಚ್ಚುಹಾಕಿಸಿದನು. ಅದರ ಹೆಸರಿನಲ್ಲಿಯೇ ರೇಖಾಗಣಿತವೆಂಬ ಮಾತಿದೆ! ಇಂಗ್ಲೆಂಡಿನ ಜಾನೆಟ್ ಅರ್ನಾಲ್ಡ್ ಅವರು ವಸ್ತುಸಂಗ್ರಹಾಲಯಗಳ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು, 1964ರಿಂದ ನಕ್ಷೆಗಳನ್ನು ಪ್ರಕಟಿಸತೊಡಗಿದರು. ಅವನ್ನು ನೋಡಿ ಇಂದಿಗೂ ಜನರು ಆ ಉಡುಪುಗಳನ್ನು ಮರಳಿ ಹೊಲಿಯುತ್ತಾರೆ.

ಸತ್ತವರ ಉಡುಪನ್ನು ಮತ್ತೆ ಹೊಲಿಯುವುದು ವೇಷದ ಆಟವಲ್ಲವೆ ಎಂದು ಕೇಳುವವರುಂಟು. ನನ್ನ ಅಭಿಪ್ರಾಯದಲ್ಲಿ ಅದು ಒಂದು ಪ್ರಯೋಗ. ಮಧ್ಯಯುಗದ ಯುರೋಪಿನಲ್ಲಿ ಗಂಡಸರು ಕಾಲಿಗೆ ಬಿಗಿಯಾದ ಬಟ್ಟೆಯ ಚೀಲಗಳನ್ನು ತೊಡುತ್ತಿದ್ದರು. ಹೆಣೆದ ಕಾಲುಚೀಲವಲ್ಲ, ನೇಯ್ದ ಬಟ್ಟೆ! ಮೊಣಕಾಲು ಮಡಿಸುತ್ತಿದ್ದುದು ಹೇಗೆ? ವಾಚಕರು ಒಂದು ಕರವಸ್ತ್ರವನ್ನು ತೆಗೆದುಕೊಂಡು ಹಾಸಿನ ನೂಲಿನ ದಿಕ್ಕಿನಲ್ಲಿ ಎಳೆದು ನೋಡಲಿ. ಅದು ಹಿಗ್ಗದು, ಏಕೆಂದರೆ ನೂಲೇ ಹಿಗ್ಗಬೇಕಾಗುತ್ತದೆ. ಈಗ ಮೂಲೆಯಿಂದ ಮೂಲೆಗೆ ಎಳೆಯಲಿ. ಹಾಸು ಹೊಕ್ಕುಗಳ ನಡುವಿನ ಸಣ್ಣ ಚೌಕಗಳು ವಾಲಿ ವಜ್ರಾಕೃತಿಯನ್ನು ತಾಳುತ್ತವೆ. ನೂಲು ಹಿಗ್ಗದೆಯೇ ಬಟ್ಟೆ ಉದ್ದವಾಗುತ್ತದೆ. ಇದನ್ನೇ ನಮ್ಮ ದರ್ಜಿಗಳು ‘ಕ್ರಾಸ್’ ಎನ್ನುತ್ತಾರೆ. ಆ ಕಾಲುಡುಪುಗಳನ್ನು ಹೀಗೆ ಓರೆಯಾಗಿಯೇ ಕತ್ತರಿಸುತ್ತಿದ್ದರು. ನೇರವಾಗಿ ಕತ್ತರಿಸಿ ಹೊಲಿದು ತೊಟ್ಟವನಿಗೆ ಮೊಣಕಾಲೇ ಉತ್ತರ ಹೇಳುತ್ತದೆ. ಊಹೆಯನ್ನು ಪರೀಕ್ಷೆಗೆ ಒಡ್ಡುವುದೇ ವಿಜ್ಞಾನವಾದರೆ, ಈ ಕೆಲಸಕ್ಕೆ ಆ ಹೆಸರು ಸಲ್ಲಬೇಕು.

ಇನ್ನು ನಮ್ಮ ಮನೆಯ ಮಾತು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನೇಕಾರರು ವೃದ್ಧರಾಗಿ ಮಗ್ಗಗಳು ನಿಲ್ಲುತ್ತಿದ್ದಾಗ ಕಾರ್ಕಳದ ಕದಿಕೆ ಟ್ರಸ್ಟ್, ತಾಳಿಪಾಡಿ ನೇಕಾರರ ಸಹಕಾರಿ ಸಂಘದೊಡನೆ ಸೇರಿ ಈ ನೇಯ್ಗೆಗೆ ಮರುಜೀವ ಕೊಡಲು ದುಡಿದಿರುವುದು ಶ್ಲಾಘನೀಯ. ಆದರೆ ಯಾವ ಸೀರೆಯನ್ನು ಪುನರುಜ್ಜೀವನಗೊಳಿಸಬೇಕು? ಅಜ್ಜಿಯರು ಉಟ್ಟ ಸೀರೆಯ ನೂಲು ಎಷ್ಟು ಸಪುರ, ಅಂಚು ಎಷ್ಟು ಅಗಲ, ತೂಕವೆಷ್ಟು? ನೆನಪು ಇದಕ್ಕೆ ಸಾಲದು. ಹಳೆಯ ಸೀರೆಗಳನ್ನು ತೊಟ್ಟಿಲಿಗೂ, ಬಳಿಕ ನೆಲ ಒರಸಲಿಕ್ಕೂ ಬಳಸುವುದು ನಮ್ಮ ಮಿತವ್ಯಯದ ರೂಢಿ. ಅದರೊಡನೆ ಸಾಕ್ಷ್ಯವೂ ಸವೆದುಹೋಗುತ್ತದೆ.

ಸಾಕ್ಷ್ಯವಿಲ್ಲದಿದ್ದರೆ ಕತೆಯೇ ಚರಿತ್ರೆಯಾಗಿಬಿಡುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಬಂದ ಹಾಲರ್ ಎಂಬವರು ಖಾಕಿಯನ್ನು ಕಂಡುಹಿಡಿದರೆಂಬ ಮಾತು ನಮ್ಮಲ್ಲಿ ಪ್ರಚಲಿತವಾಗಿದೆ. ಆದರೆ 1846ರಲ್ಲಿ ಪೇಶಾವರದಲ್ಲಿ ಹುಟ್ಟಿದ ಗೈಡ್ಸ್ ಪಡೆಯು ಅದಕ್ಕೂ ಮೊದಲೇ ಖಾಕಿ ತೊಡಲಾರಂಭಿಸಿತ್ತು. ಹೆಸರು ಅಲ್ಲಿಯದು, ಒಂದು ಬಗೆಯ ಬಣ್ಣ ಇಲ್ಲಿಯದು ಎಂದಾಗಿರಬಾರದೇಕೆ? ಅಭಿಮಾನದಿಂದ ಇದು ತೀರ್ಮಾನವಾಗದು. ಆ ಕಾರ್ಖಾನೆಯ ಅಂದಿನ ಬಟ್ಟೆಯ ಅಂಗೈಯಗಲದ ತುಂಡೊಂದಿದ್ದರೆ, ರಾಸಾಯನಿಕ ಪರೀಕ್ಷೆಯು ಆ ಬಣ್ಣದ ಜಾತಕವನ್ನು ಹೇಳಬಲ್ಲುದು.

ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಹಳೆಯ ಸೀರೆ, ಅಂಗಿ, ಯಕ್ಷಗಾನದ ಚೌಕುಳಿ ಕಸೆ ಸೀರೆ, ಏನಿದ್ದರೂ ಹಿರಿಯರ ಅಪ್ಪಣೆ ಪಡೆದು ಅಳೆಯಿರಿ. ಉದ್ದ ಅಗಲಗಳನ್ನು ಬರೆಯಿರಿ. ಭೂತಗನ್ನಡಿಯಿಟ್ಟು ಒಂದು ಅಂಗುಲದೊಳಗೆ ಹಾಸಿನ ನೂಲೆಷ್ಟು, ಹೊಕ್ಕಿನ ನೂಲೆಷ್ಟು ಎಂಬುದನ್ನು ಐದು ಕಡೆಗಳಲ್ಲಿ ಎಣಿಸಿ ಸರಾಸರಿ ತೆಗೆಯಿರಿ. ಒಟ್ಟು ತೂಕವನ್ನು ವಿಸ್ತೀರ್ಣದಿಂದ ಭಾಗಿಸಿರಿ. ಹೊಲಿಗೆಯಿದ್ದರೆ ಅದರ ನಕ್ಷೆಯನ್ನು ಗೀಟುಕಾಗದದ ಮೇಲೆ ಬರೆದು, ಹಾಸಿನ ದಿಕ್ಕನ್ನು ಬಾಣದಿಂದ ಗುರುತಿಸಿರಿ. ಯಾರದು, ಯಾವ ವರ್ಷದ್ದು, ಎಲ್ಲಿ ಕೊಂಡದ್ದು ಎಂದು ಕೇಳಿ ಬರೆದುಕೊಳ್ಳಿರಿ. ಬಟ್ಟೆಯನ್ನು ಬಿಸಿಲಿಗೆ ಹರಡಬೇಡಿರಿ. ಬೆಳಕು ಮಾಡಿದ ಹಾನಿ ಕೂಡುತ್ತ ಹೋಗುತ್ತದೆಯೇ ಹೊರತು ಮರಳದು.

ಇದಕ್ಕೆ ಪ್ರಯೋಗಶಾಲೆ ಬೇಡ, ಹಣ ಬೇಡ; ಅಳತೆಪಟ್ಟಿ, ತಕ್ಕಡಿ, ತಾಳ್ಮೆಗಳಿದ್ದರೆ ಸಾಕು. ನೇಯ್ದವರೂ ಉಟ್ಟವರೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕು. ಬಟ್ಟೆ ಒಂದು ದಿನ ಹರಿದೀತು. ಅಳೆದು ಬರೆದಿಟ್ಟ ಲೆಕ್ಕವು ಮುಂದಿನ ನೇಕಾರನ ಮಗ್ಗಕ್ಕೆ ದಾರಿ ತೋರಿಸೀತು.