ಕಂಪ್ಯೂಟರಿನ ಮರಣಪೂರ್ವ ಹೇಳಿಕೆ

ಬೆಳೆಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವುದು ಪಹಣಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. ಕೈಬರಹದ ಪಹಣಿ ಹೋಗಿ, 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಯಂತ್ರ ನಿಂತರೆ ಸರದಿಯೂ ನಿಂತಿತು ಎಂದೇ ಲೆಕ್ಕ. ಕೆಂಭಾವಿಯಿಂದ ಸುರಪುರಕ್ಕೆ ಬಂದ ರೈತ ಮರುದಿನ ಮತ್ತೆ ಬಸ್ಸಿಗೆ ದುಡ್ಡು ಕೊಡಬೇಕು, ಒಂದು ದಿನದ ಕೂಲಿಯನ್ನೂ ಬಿಡಬೇಕು.

ಈಗ ನಾಡಕಚೇರಿಯಲ್ಲೂ ಪಹಣಿ ಸಿಗುತ್ತದೆ. ಯಂತ್ರಗಳು ಹೆಚ್ಚಾಗಿವೆ, ನಿಲ್ಲುವ ಚಾಳಿ ಮಾತ್ರ ಹೋಗಿಲ್ಲ. ನಿಂತಾಗ ಆಪರೇಟರ್ ಮಾಡುವುದು ಒಂದೇ ಕೆಲಸ: ಸ್ವಿಚ್ ಆರಿಸಿ ಮತ್ತೆ ಹಾಕುವುದು. ಹಾಗೆ ಮಾಡಿದೊಡನೆ ಅದು ಏಕೆ ನಿಂತಿತೆಂಬ ಸಾಕ್ಷ್ಯವೂ ಅಳಿಸಿಹೋಗುತ್ತದೆ. ದೋಷ ತಿದ್ದಬಲ್ಲವನು ಇರುವುದು ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ. ಸುರಪುರದಿಂದ ಅವನಿಗೆ ಮುಟ್ಟುವುದು 'ಹ್ಯಾಂಗ್ ಆಯಿತು' ಎಂಬ ಎರಡೇ ಪದ.

ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಡಿಸ್ಕು, ಕೀಲಿಮಣೆ, ಸ್ಮೃತಿ ಎಲ್ಲದರ ಯಜಮಾನಿಕೆ ಅದರದು. ಬೇರೆ ತಂತ್ರಾಂಶ ಕೆಟ್ಟರೆ ಕರ್ನೆಲ್ ಅದನ್ನು ಹೊರಹಾಕುತ್ತದೆ; ಕರ್ನೆಲ್ಲೇ ಕೆಟ್ಟರೆ ಹೇಳುವವರಿಲ್ಲ. ಸಾಯುವ ಮುನ್ನ ಅದೇ ಒಂದಿಷ್ಟು ಸಾಲು ಉಗುಳಬೇಕು. ಆ ಸಾಲುಗಳನ್ನು ಸುಧಾರಿಸಲು ಜಗತ್ತಿನ ಎಂಜಿನಿಯರುಗಳು ದಶಕಗಳಿಂದ ಹೆಣಗಿದ್ದಾರೆ. ಎಲ್ಲರ ಕಣ್ಣೆದುರೇ ಬರೆಯಲಾಗುವ ಲಿನಕ್ಸ್ ಕರ್ನೆಲ್‌ನಲ್ಲಿ ಈ ಹೆಣಗಾಟವನ್ನು ಚೆನ್ನಾಗಿ ನೋಡಬಹುದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಇರುವುದೂ ಅದೇ.

ಮೊದಮೊದಲು ಲಿನಕ್ಸ್ ಸಾಯುವಾಗ ಹೇಳುತ್ತಿದ್ದುದು ಬರೀ ಅಂಕಿ. 'ಸಿ012ಎ4ಎಫ್0' ಎಂಬಂಥ ವಿಳಾಸಗಳ ಸಾಲು. ಹೊಲ ಯಾರದೆಂದು ಕೇಳಿದರೆ 'ಸರ್ವೆ ನಂಬರ್ 142, ಹಿಸ್ಸಾ 3' ಎಂದಷ್ಟೇ ಹೇಳಿದ ಹಾಗೆ. ಹೆಸರು ಬೇಕಾದರೆ ರಿಜಿಸ್ಟರ್ ಬೇಕು. ಆ ರಿಜಿಸ್ಟರ್ ಬೇರೊಂದು ಕಡತದಲ್ಲಿತ್ತು, ಮತ್ತು ಸತ್ತ ಕರ್ನೆಲ್‌ಗೇ ಸೇರಿದ ಕಡತವೇ ಆಗಬೇಕಿತ್ತು. ಪಕ್ಕದ ಊರಿನ ರಿಜಿಸ್ಟರ್ ನೋಡಿದರೆ ಯಾರದೋ ಹೊಲಕ್ಕೆ ಯಾರದೋ ಹೆಸರು! 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯ ಹೊತ್ತಿಗೆ ರಿಜಿಸ್ಟರನ್ನು ಕರ್ನೆಲ್ ಒಳಗೇ ಇಟ್ಟುಕೊಳ್ಳುವ ಏರ್ಪಾಡಾಗಿತ್ತು. ಅಲ್ಲಿಂದ ಅದು ಅಂಕಿಯ ಬದಲು ಯಾವ ಕಾರ್ಯಭಾಗದಲ್ಲಿ, ಅದರ ಆರಂಭದಿಂದ ಎಷ್ಟು ದೂರದಲ್ಲಿ ಎಡವಿತೆಂದು ಹೆಸರು ಹಿಡಿದು ಹೇಳಬಲ್ಲದು.

ಇಂಥ ಸಣ್ಣ ಉಪಕಾರಗಳಿಗೂ ಕಾಲ ಹಿಡಿಯುತ್ತದೆ. 'ದೋಷ -5' ಎಂದು ಅಚ್ಚಾಗುತ್ತಿದ್ದುದನ್ನು 'ಇಐಒ', ಅಂದರೆ ಡಿಸ್ಕಿನಂಥ ಸಾಧನದಿಂದ ಓದು-ಬರಹ ಆಗಲಿಲ್ಲ ಎಂಬ ಹೆಸರಿನಿಂದಲೇ ಅಚ್ಚು ಮಾಡುವ ಸೌಲಭ್ಯ ಬಂದದ್ದು 2020ರ ಆರಂಭದಲ್ಲಿ. ಅದಕ್ಕೆ ಅಷ್ಟು ವರ್ಷ ಬೇಕಿತ್ತೆ? ಬರೆದವನಿಗೆ -5 ಗೊತ್ತಿತ್ತು, ಓದುವವನು ಬೇರೆ ಎಂಬುದು ಹೊಳೆಯಲಿಲ್ಲ.

ಮಾತು ಸ್ಪಷ್ಟವಾದರೆ ಸಾಲದು, ಉಳಿಯಬೇಕು ಕೂಡ. ಇಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಕೆಟ್ಟ ಕರ್ನೆಲ್ ಕೈಗೆ ಡಿಸ್ಕು ಕೊಟ್ಟು 'ನಿನ್ನ ಹೇಳಿಕೆ ಬರೆದಿಡು' ಎನ್ನುವುದು ಅಪಾಯ. ಬುದ್ಧಿ ಕೆಟ್ಟ ಆ ಗಳಿಗೆಯಲ್ಲಿ ಅದು ದಾಖಲೆಗಳ ಮೇಲೆಯೇ ಗೀಚಬಹುದು. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ, ಅಮೆರಿಕದ ಎರಿಕ್ ಬೀಡರ್‌ಮನ್ ಜೊತೆಗೂಡಿ ಇದಕ್ಕೊಂದು ದಾರಿ ಕಂಡರು. ಯಂತ್ರ ಶುರುವಾಗುವಾಗಲೇ ಸ್ಮೃತಿಯ ಒಂದು ಮೂಲೆಯನ್ನು ಮೀಸಲಿಟ್ಟು, ಅಲ್ಲಿ ಎರಡನೆಯದೊಂದು ಪುಟ್ಟ ಕರ್ನೆಲ್ಲನ್ನು ಮಲಗಿಸಿಡುವುದು. ಮೊದಲನೆಯದು ಸತ್ತ ಕೂಡಲೇ ಇದು ಏಳುತ್ತದೆ. ಪಕ್ಕದ ಕೋಣೆಯವನು ಬಂದು, ಶವವನ್ನು ಕದಲಿಸದೆ ಪಂಚನಾಮೆ ಬರೆದಂತೆ, ಸತ್ತದ್ದರ ಸ್ಮೃತಿಯನ್ನು ಇದ್ದಂತೆಯೇ ಕಡತಕ್ಕೆ ಇಳಿಸಿ ಯಂತ್ರವನ್ನು ಮರಳಿ ಶುರುಮಾಡುತ್ತದೆ. ಕೆಡಂಪ್ ಎಂಬ ಈ ಏರ್ಪಾಡು 2005ರಲ್ಲಿ ಲಿನಕ್ಸಿಗೆ ಸೇರಿತು. ಬೇಸಿಗೆಯಲ್ಲಿ ಕರೆಂಟೇ ಹೋದರೆ ಮಾತ್ರ ಮಲಗಿದ್ದವನೂ ಏಳುವುದಿಲ್ಲ.

ಇದಕ್ಕೂ ಒಂದು ವರ್ಷ ಮೊದಲು, 2004ರಲ್ಲಿ, ಕೆಪ್ರೋಬ್ಸ್ ಎಂಬುದು ಸೇರಿತ್ತು. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ, ಬೇಕಾದ ಜಾಗದಲ್ಲಿ ಒಂದು ಗೂಟ ನೆಟ್ಟು 'ಇಲ್ಲಿ ಬಂದಾಗ ಏನಿತ್ತು ಹೇಳು' ಎಂದು ಕೇಳುವ ಉಪಾಯ. ಅದನ್ನು ಬೆಳೆಸಿದವರಲ್ಲಿ ಬೆಂಗಳೂರು ಐಬಿಎಂನ ಅನಂತ್ ಮಾವಿನಕಾಯನಹಳ್ಳಿ, ಪ್ರಸನ್ನ ಪಂಚಮುಖಿ ಇದ್ದರು. ಸರದಿ ನಿಂತಿರುವಾಗ ಯಂತ್ರವನ್ನು ಆರಿಸದೆ ಪರೀಕ್ಷಿಸುವುದು ಎಷ್ಟು ದೊಡ್ಡ ಅನುಕೂಲವೆಂದು ಶಹಾಪುರದ ಯಾವ ಗುಮಾಸ್ತನಿಗೂ ವಿವರಿಸಬೇಕಿಲ್ಲ.

ಇಷ್ಟಾದರೂ ಆಪರೇಟರ್ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಚಿತ್ರಮಯ ಪರದೆ ಇದ್ದ ಯಂತ್ರ ಸತ್ತರೆ ಚಿತ್ರ ಹಾಗೇ ಹೆಪ್ಪುಗಟ್ಟಿ, ಕೀಲಿಮಣೆಯ ಪುಟ್ಟ ದೀಪಗಳು ಮಿಣುಕುತ್ತಿದ್ದವು, ಅಷ್ಟೇ. 2024ರ ನವೆಂಬರಿನಲ್ಲಿ ಬಂದ 6.12 ಆವೃತ್ತಿ ಈ ಕೊರತೆಯನ್ನು ತುಂಬುವ ಏರ್ಪಾಡು ತಂದಿತು. ಅದನ್ನು ಅಳವಡಿಸಿದ ಯಂತ್ರ, ಸಾಯುವ ಮುನ್ನ ತನ್ನ ಕೊನೆಯ ಸಾಲುಗಳನ್ನು ಕ್ಯೂಆರ್ ಸಂಕೇತದ ಚೌಕವಾಗಿ ಪರದೆಯ ಮೇಲೆ ಬಿಡಿಸುತ್ತದೆ. ಚಹದಂಗಡಿಯಲ್ಲಿ ದುಡ್ಡು ಕೊಡುವ ಅದೇ ಫೋನಿನಿಂದ ಫೋಟೊ ಹೊಡೆದು ಕಳಿಸಿದರಾಯಿತು; ಇಂಗ್ಲಿಷ್ ಓದಿ ನಕಲು ಮಾಡುವ ಗೋಜಿಲ್ಲ. ಈ ಇಪ್ಪತ್ತು ವರ್ಷಗಳ ಸುಧಾರಣೆಗಳಲ್ಲಿ ಯಂತ್ರದ ಮುಂದೆ ಕೂತವರನ್ನು ನೆನೆದದ್ದು ಇದೊಂದೇ ಎನ್ನಬೇಕು.

ಚೌಕದ ಜೊತೆಗೆ, ಯಂತ್ರವನ್ನು ಮತ್ತೆ ಶುರುಮಾಡಿ ಎಂಬ ಒಂದು ಸಾಲೂ ಮೂಡುತ್ತದೆ. ಅದು ಇಂಗ್ಲಿಷಿನಲ್ಲೇ ಇದೆ. ಕರ್ನೆಲ್ ತನ್ನೊಳಗೆ ಇಟ್ಟುಕೊಂಡಿರುವ ಅಕ್ಷರಗಳು ಕೆಲವು ನೂರು ಮಾತ್ರ. ಒತ್ತು, ಗುಣಿತ ಜೋಡಿಸಿ ಕನ್ನಡ ಬರೆಯುವ ವಿದ್ಯೆ ಅದಕ್ಕಿಲ್ಲ.